ಪದಕಕ್ಕೆ ಹನ್ನೊಂದು ಸಾವಿರ ತಲೆ

ಸಾನ್ ಮರೀನೋ ಎಂಬ ಹೆಸರನ್ನು ನಮ್ಮ ಸೋದರಮಾವ ಮೊದಲ ಸಲ ಕೇಳಿದ್ದು 2021ರ ಆಗಸ್ಟ್ 5ರ ಸಂಜೆ. ಸರ್ಜಾಪುರ ರಸ್ತೆಯಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟ್ ಇರಬೇಕು ಅಂದುಕೊಂಡರಂತೆ. ಅವರದೇನೂ ತಪ್ಪಿಲ್ಲ, ಬೆಂಗಳೂರಿನಲ್ಲಿ ಕೆರೆ ಮುಚ್ಚಿದ ಜಾಗಕ್ಕೆಲ್ಲ ಇಟಲಿಯ ಹೆಸರೇ. ಆದರೆ ಟೀವಿಯಲ್ಲಿ ಆ ಅಪಾರ್ಟ್‌ಮೆಂಟಿನವನು ನಮ್ಮ ದೀಪಕ್ ಪುನಿಯಾ ಅವರ ಕಾಲಿಗೆ ಕೈ ಹಾಕಿದ್ದ. ಟೋಕಿಯೊ ಒಲಿಂಪಿಕ್ಸ್, 86 ಕೆ.ಜಿ. ಕುಸ್ತಿ, ಕಂಚಿಗಾಗಿ ಸೆಣಸಾಟ. ಕೊನೆಯ ಹತ್ತು ಸೆಕೆಂಡಿನ ತನಕ ಮುಂದಿದ್ದದ್ದು ನಾವೇ. ಮುಗಿದಾಗ ಅಂಕ 4-2, ಗೆದ್ದವನು ಮೈಲ್ಸ್ ಅಮೀನ್.

ಬೆಳಗ್ಗೆ ತಾನೇ ಹಾಕಿ ತಂಡ 41 ವರ್ಷದ ಬರ ನೀಗಿಸಿ ಕಂಚು ತಂದಿತ್ತು, ಮಧ್ಯಾಹ್ನ ಕುಸ್ತಿಯಲ್ಲೇ ರವಿ ದಹಿಯಾ ಬೆಳ್ಳಿ ತಂದಿದ್ದರು. ಅದೆಲ್ಲ ಮಾವನಿಗೆ ಮರೆತೇ ಹೋಯಿತು. ಮೊಬೈಲ್ ತಡಕಿದರು.

"ಲೋ, 34 ಸಾವಿರ ಜನ ಕಣೋ ಇಡೀ ದೇಶಕ್ಕೆ! ನಮ್ಮದು 140 ಕೋಟಿ! ನಾಚಿಕೆ ಆಗಲ್ವೇನೋ?"

ನನಗೆ ಯಾಕೆ ನಾಚಿಕೆಯಾಗಬೇಕೋ ತಿಳಿಯಲಿಲ್ಲ, ನಾನು ಎಪ್ಪತ್ತೆರಡು ಕೆ.ಜಿ. ಆದರೂ ತಲೆ ತಗ್ಗಿಸಿದೆ, ಆ ಹೊತ್ತಿಗೆ ಹಾಗೇ ಮಾಡಬೇಕು.

ಲೆಕ್ಕವೇನೋ ನಿಜ. ಸಾನ್ ಮರೀನೋ ಸುತ್ತಲೂ ಇಟಲಿಯೇ ಇರುವ, 61 ಚದರ ಕಿ.ಮೀ.ನ ಗುಡ್ಡದೂರು. ಬೆಂಗಳೂರಿನಲ್ಲಿ 198 ವಾರ್ಡ್ ಇದ್ದ ಕಾಲದಲ್ಲಿ ಸರಾಸರಿ ಒಂದು ವಾರ್ಡಿನಲ್ಲಿದ್ದ ಜನವೂ ಆ ದೇಶದಲ್ಲಿಲ್ಲ. ಟೋಕಿಯೊಗೆ ಅವರು ಕಳಿಸಿದ್ದು ಐದು ಜನರನ್ನು. ಅಂದರೆ ಒಂದು ಇನ್ನೋವಾ ಸಾಕು, ಹಿಂದಿನ ಸೀಟು ಖಾಲಿ. ವಾಪಸು ತಂದದ್ದು ಮೂರು ಪದಕ. 1960ರ ರೋಮ್‌ನಿಂದ ಬರಿಗೈಯಲ್ಲೇ ಮರಳುತ್ತಿದ್ದವರು ಒಂದೇ ವಾರದಲ್ಲಿ ಒಲಿಂಪಿಕ್ ಪದಕ ಗೆದ್ದ ಅತಿ ಚಿಕ್ಕ ದೇಶವಾಗಿಬಿಟ್ಟರು.

ಮೊದಲ ಪದಕ ಅಲೆಸ್ಸಾಂಡ್ರಾ ಪೆರಿಲ್ಲಿ ಎಂಬ ಬಂದೂಕುಗಾರ್ತಿಯದು. ಟ್ರ್ಯಾಪ್ ಅಂದರೆ ಗಾಳಿಗೆ ಚಿಮ್ಮುವ ತಟ್ಟೆಗೆ ಗುಂಡು ಹೊಡೆಯುವ ಸ್ಪರ್ಧೆ. ಆಕೆ 2012ರ ಲಂಡನ್‌ನಲ್ಲಿ ಮೂವರು ಸಮ ಅಂಕದಲ್ಲಿ ನಿಂತಾಗ, ಇದ್ದ ಎರಡು ಪದಕ ಬೇರೆ ಇಬ್ಬರ ಪಾಲಾಗಿ, ನಾಲ್ಕನೆಯವಳಾಗಿ ಹೊರಬಂದವಳು. ಒಂಬತ್ತು ವರ್ಷ ಮತ್ತೆ ತಟ್ಟೆ ಒಡೆಯುತ್ತ ಕೂತಳು. ಟೋಕಿಯೊದಲ್ಲಿ ಕಂಚು ಬಂತು. ಎರಡೇ ದಿನ ಕಳೆದು ಜಾನ್ ಮಾರ್ಕೊ ಬೆರ್ತಿ ಜೊತೆಗೂಡಿ ಬೆಳ್ಳಿಯೂ ಬಂತು, ಸ್ಪೇನ್ ಎದುರು 41-40, ಚಿನ್ನ ತಪ್ಪಿದ್ದು ಒಂದೇ ತಟ್ಟೆಯಲ್ಲಿ. ಅದೇ ಟೋಕಿಯೊಗೆ ನಾವು 15 ಶೂಟರ್‌ಗಳನ್ನು ಕಳಿಸಿದ್ದೆವು. ಪದಕ ಸೊನ್ನೆ. ಇದನ್ನು ಮಾವನಿಗೆ ನಾನು ಹೇಳಲಿಲ್ಲ, ಅವರಿಗೆ ಬಿ.ಪಿ. ಇದೆ.

ಅಷ್ಟರಲ್ಲಿ ಅವರಿಗೆ ಇನ್ನೊಂದು ಸಂಗತಿ ಸಿಕ್ಕಿತು. "ಆ ಅಮೀನ್ ಹುಟ್ಟಿ ಬೆಳೆದದ್ದೇ ಅಮೆರಿಕದ ಮಿಷಿಗನ್‌ನಲ್ಲಂತೆ! ತಾಯಿ ಕಡೆ ನಂಟು ಹಿಡಿದು ಸಾನ್ ಮರೀನೋಗೆ ಆಡ್ತಾನಂತೆ! ಇದು ಮೋಸ ಅಲ್ವೇನೋ?"

ಇದೇ ಮಾವ, ಅಮೆರಿಕದ ಸ್ಪೆಲಿಂಗ್ ಬೀ ಎಂಬ ಕಾಗುಣಿತ ಸ್ಪರ್ಧೆ ಗೆದ್ದ ಯಾವ ಹುಡುಗನ ಫೋಟೊ ಬಂದರೂ "ನಮ್ಮ ರಕ್ತ" ಎಂದು ಮೂರು ಗುಂಪಿಗೆ ಫಾರ್ವರ್ಡ್ ಮಾಡುವವರು. ಆ ಹುಡುಗ ಡೆಟ್ರಾಯ್ಟ್ ಬಿಟ್ಟು ಕದಲಿರುವುದಿಲ್ಲ, ಅವನಿಗೆ ಉಪ್ಪಿಟ್ಟು ಕಂಡರಾಗುವುದಿಲ್ಲ. ಇರಲಿ, ನಂಟಿನ ವಿಷಯದಲ್ಲಿ ನಾವೂ ಕಡಿಮೆಯವರಲ್ಲ. ಆ ಪಂದ್ಯ ಸೋತ ಮೇಲೆ ರೆಫರಿಯ ಕೋಣೆಗೆ ನುಗ್ಗಿ ಅವನ ಮೇಲೆ ಕೈ ಮಾಡಿ, ಒಲಿಂಪಿಕ್ಸ್‌ನಿಂದಲೇ ಹೊರದಬ್ಬಿಸಿಕೊಂಡ ನಮ್ಮ ಕಡೆಯ ಕೋಚ್ ಕೂಡ ವಿದೇಶಿಯೇ. ಇಷ್ಟು ಜನ ಇರುವ ದೇಶದಲ್ಲಿ ಆ ಕೆಲಸಕ್ಕಾದರೂ ಸ್ಥಳೀಯರಿಗೆ ಆದ್ಯತೆ ಕೊಡಬಹುದಿತ್ತು.

ಮತ್ತೆ ತಲೆ ಲೆಕ್ಕಕ್ಕೆ ಬರೋಣ. ಮಾವ ಅದನ್ನು ಅಂದೇ ರಾತ್ರಿ ಕ್ಯಾಲೆಂಡರಿನ ಹಿಂದೆ ಗೀಚಿದರು. 34 ಸಾವಿರ ಜನಕ್ಕೆ ಮೂರು ಪದಕ, ಅಂದರೆ ಹನ್ನೊಂದು ಸಾವಿರ ಚಿಲ್ಲರೆ ತಲೆಗೆ ಒಂದು. ಅದೇ ದರ ಹಾಕಿದರೆ ಭಾರತಕ್ಕೆ ಬರಬೇಕಾದದ್ದು ಸುಮಾರು 1 ಲಕ್ಷ 24 ಸಾವಿರ ಪದಕ. ಬಂದದ್ದು ಏಳು. ಬಾಕಿಗೆ ಯಾರು ಜವಾಬ್ದಾರಿ?

ಟೋಕಿಯೊದಲ್ಲಿ ಇಡೀ ಜಗತ್ತಿಗೆ ಹಂಚಿದ್ದೇ 1,080 ಪದಕ ಎಂದೆ. ಮಾವ ಒಪ್ಪಲಿಲ್ಲ. "ಕೊಡೋ ಮನಸ್ಸಿದ್ರೆ ಮಾಡಿಸ್ತಾರೆ" ಅಂದರು. ಅದೂ ಯೋಚಿಸಬೇಕಾದ ಮಾತೇ. ಜಪಾನಿನವರು ಆ ಪದಕಗಳನ್ನು ಮಾಡಿಸಿದ್ದು ಜನರ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಕರಗಿಸಿ. ಅದರಲ್ಲಿ ಮೊಬೈಲೇ 62 ಲಕ್ಷ, ಪದಕ ಸುಮಾರು 5,000 (ತಂಡದ ಪ್ರತಿಯೊಬ್ಬರಿಗೂ ಒಂದೊಂದು, ಪ್ಯಾರಾಲಿಂಪಿಕ್ಸ್‌ನದೂ ಸೇರಿ). ನಮ್ಮ ಬಾಕಿ ತೀರಿಸಲು ಹದಿನೈದು ಕೋಟಿ ಹಳೆಯ ಮೊಬೈಲ್ ಬೇಕಾಗುತ್ತದೆ. ಮೊಬೈಲಿಗೇನು ಬರ? ನಮ್ಮ ಮಾವನ ಬೀರುವಿನಲ್ಲೇ ಆರು ಇವೆ, ಚಾರ್ಜರ್ ಸಮೇತ. ಓಡದೆ, ಎಗರದೆ, ಬೆವರದೆ, ಬರೀ ಗುಜರಿಯಿಂದ ಪದಕ ಪಟ್ಟಿಯ ತುದಿ ಮುಟ್ಟಬಲ್ಲ ದೇಶ ಇನ್ನೊಂದಿರಲಿಕ್ಕಿಲ್ಲ.

ತಲೆಗೆ ಇಷ್ಟು ಎಂದು ಪದಕ ಹಂಚಲು ಅದೇನು ರೇಷನ್ ಕಾರ್ಡೇ? ಆದರೂ ನಾಲ್ಕು ವರ್ಷಕ್ಕೊಮ್ಮೆ ಬೈಟು ಕಾಫಿ ಕುಡಿಯುವವರೆಲ್ಲ ಈ ಭಾಗಾಕಾರ ಮಾಡಿಯೇ ಮಾಡುತ್ತಾರೆ. ಪೆರಿಲ್ಲಿ ಎಷ್ಟು ತಟ್ಟೆ ಒಡೆದಳು ಎಂದು ಮಾತ್ರ ಯಾರೂ ಎಣಿಸುವುದಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅದೇ ಟೋಕಿಯೊದ ಗಾಲ್ಫ್‌ನಲ್ಲಿ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಶನಿವಾರ, ಮಾವ ನಸುಕಿನಲ್ಲೆದ್ದು 'ಬರ್ಡಿ' ಅಂದರೇನು ಎಂದು ಕಲಿತರು. ಭಾನುವಾರ ಮರೆತರು.

ಸಾನ್ ಮರೀನೋದಿಂದ ನಿಜಕ್ಕೂ ಏನಾದರೂ ತರಿಸಬಹುದಾದರೆ ಅದು ಬೇರೆಯೇ ಇದೆ. ಆ ದೇಶಕ್ಕೆ 1243ರಿಂದಲೂ ಇಬ್ಬರು ಮುಖ್ಯಸ್ಥರು, ಅವಧಿ ಬರೀ ಆರು ತಿಂಗಳು. ಇಳಿದ ಮೇಲೆ ಮೂರು ವರ್ಷ ಮತ್ತೆ ಆ ಕುರ್ಚಿಗೆ ಬರುವಂತಿಲ್ಲ. ಅಷ್ಟೇ ಅಲ್ಲ, ಇಳಿದ ಕೂಡಲೇ ಅವರ ಮೇಲೆ ಜನ ದೂರು ಕೊಡಲಿಕ್ಕೂ ಅವಕಾಶ ಇದೆ. ಇದನ್ನು ನಮ್ಮ ಕ್ರೀಡಾ ಸಂಘಟನೆಗಳ ಸಭೆಯಲ್ಲಿ ಓದಿ ಹೇಳಿದರೆ ಆಂಬುಲೆನ್ಸ್ ಕರೆಸಬೇಕಾದೀತು. ನಮ್ಮ ಬಿಲ್ಲುಗಾರಿಕೆ ಸಂಘದಲ್ಲಿ ಒಬ್ಬರೇ ಅಧ್ಯಕ್ಷರು ಸುಮಾರು ನಲವತ್ತು ವರ್ಷ ಕೂತಿದ್ದರು. ಅಷ್ಟರಲ್ಲಿ ಸಾನ್ ಮರೀನೋ ಎಂಬತ್ತು ಜೋಡಿಯನ್ನು ಕೂರಿಸಿ ಇಳಿಸಿ, ದೂರೂ ಕೇಳಿ ಮುಗಿಸಿರುತ್ತದೆ. ಗುರಿ ಹಿಡಿಯುವುದು ಅಂದರೆ ಇದು. ಬಾಣ ಎಲ್ಲಿ ಬಿದ್ದರೂ ಸರಿ, ಕುರ್ಚಿ ಅಲುಗಬಾರದು.

2024ರ ಪ್ಯಾರಿಸ್‌ಗೆ ನಮ್ಮಿಂದ ಹೋದ ಕ್ರೀಡಾಪಟುಗಳು 117, ಜೊತೆಗೆ ಒಪ್ಪಿಗೆ ಸಿಕ್ಕ ಸಿಬ್ಬಂದಿ ಮತ್ತು ಅಧಿಕಾರಿಗಳು 140. ಕೋಚ್, ಫಿಸಿಯೋ ಬೇಕೇ ಬೇಕು, ತಕರಾರಿಲ್ಲ. ಮದುವೆ ಹೆಣ್ಣಿಗಿಂತ ದಿಬ್ಬಣ ದೊಡ್ಡದಿರುವುದು ನಮ್ಮಲ್ಲಿ ಮರ್ಯಾದೆಯ ಲಕ್ಷಣ. ಪದಕ ಆರು. ಸಾನ್ ಮರೀನೋಗೆ ಆ ಸಲ ಒಂದೂ ಬರಲಿಲ್ಲ. ಅಂದರೆ ಮೂರು ವರ್ಷದ ಸೇಡನ್ನು ನಾವು 6-0 ಅಂತರದಲ್ಲಿ ತೀರಿಸಿಕೊಂಡಿದ್ದೆವು. ಒಂದು ಪಟಾಕಿ ಹಾರಲಿಲ್ಲ, ಒಂದು ಫ್ಲೆಕ್ಸ್ ಏಳಲಿಲ್ಲ.

ಈ ಸುದ್ದಿ ಹೇಳಿ ಮಾವನನ್ನು ಖುಷಿಪಡಿಸೋಣ ಎಂದು ಅವರ ಮನೆಗೆ ಹೋದೆ. ಅವರೀಗ ತಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಗೇಟಿನ ಬಳಿ "ಇಲ್ಲಿ ಆಟ ಆಡಬಾರದು, ದಂಡ 500 ರೂ." ಎಂಬ ಹೊಸ ಬೋರ್ಡು, ಕೆಳಗೆ ಅವರದೇ ಸಹಿ. ಒಳಗೆ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದರು.

"ಸಾನ್ ಮರೀನೋ ಬಿಡು. ಡೊಮಿನಿಕಾ ಅಂತ ಇದೆಯಂತೆ ಕಣೋ. ಎಪ್ಪತ್ತು ಸಾವಿರ ಜನ ಇದ್ರೆ ಹೆಚ್ಚು. ಆ ಹುಡುಗಿ, ಥಿಯಾ ಲಾಫಾಂಡ್, ಟ್ರಿಪಲ್ ಜಂಪ್‌ನಲ್ಲಿ ಚಿನ್ನವನ್ನೇ ಹೊಡ್ಕೊಂಡು ಹೋದ್ಳು! ಈಗ ಆ ಲೆಕ್ಕದಲ್ಲಿ ನಮಗೆ..."

ಬಾಲ್ಕನಿಗೆ ಟೆನಿಸ್ ಚೆಂಡೊಂದು ಬಂದು ಬಿತ್ತು. ಕೆಳಗಿನಿಂದ "ಅಂಕಲ್, ಬಾಲ್" ಎಂಬ ಸಣ್ಣ ದನಿ. ಮಾವ ಎದ್ದು ಹೋಗಿ ಚೆಂಡು ಹೆಕ್ಕಿ ತಂದು, ಮೇಜಿನ ಡ್ರಾಯರ್ ಎಳೆದು ಒಳಗೆ ಹಾಕಿ ಬೀಗ ತಿರುಗಿಸಿದರು.

"ಈ ವಾರದ್ದು ಇದು ಮೂರನೇದು" ಅಂದರು. "ಹಾಂ, ಎಷ್ಟಕ್ಕೆ ನಿಲ್ಲಿಸಿದ್ದೆ? ನೂರ ನಲವತ್ತು ಕೋಟಿ ಭಾಗಿಸು ಎಪ್ಪತ್ತು ಸಾವಿರ..."