ಚಿಲ್ರೆ ಇಲ್ವಾ? ಸ್ಕ್ಯಾನ್ ಮಾಡಿ

ಬೆಂಗಳೂರಿನ ಬಸ್ಸುಗಳಲ್ಲಿ ಓಡಾಡಿ ಬೆಳೆದವರಿಗೆ ಟಿಕೆಟ್ ಹಿಂದೆ ಪೆನ್ನಲ್ಲಿ ಗೀಚಿದ ಅಂಕಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. "ಇಳಿಯುವಾಗ ಇಸ್ಕೊಳ್ಳಿ" ಅಂತ ಹೇಳಿ ಕಂಡಕ್ಟರ್ ಮುಂದೆ ಹೋಗುತ್ತಿದ್ದರು. ನಾವು ಎರಡು ಸ್ಟಾಪ್ ಮೊದಲೇ ಎದ್ದು, ಜನರ ಮಧ್ಯೆ ನುಗ್ಗಿ ಅವರನ್ನು ಹುಡುಕಬೇಕು. ಇನ್ನೊಂದು ಪದ್ಧತಿಯೂ ಇತ್ತು. ನನಗೂ ಪಕ್ಕದವರಿಗೂ ಸೇರಿಸಿ ಒಂದೇ ನೋಟು ಕೊಟ್ಟು "ಇಬ್ರೂ ಇಳಿದು ಹಂಚ್ಕೊಳ್ಳಿ" ಅನ್ನುವುದು. ಗುರುತು ಪರಿಚಯ ಇಲ್ಲದವರ ಜೊತೆ ಬೀಡಾ ಅಂಗಡಿ ಮುಂದೆ ಎಷ್ಟು ಸಲ ನಿಂತಿದ್ದೇನೋ. ಅಂಗಡಿಯವನು ಸುಮ್ನೆ ಚಿಲ್ರೆ ಕೊಡುತ್ತಾನಾ? ಇಬ್ಬರೂ ಒಂದೊಂದು ಚಿಕ್ಕಿ ತಿನ್ನಬೇಕು.

ಹಾಗಾಗಿ ಬಸ್ಸಿಗೆ ಯುಪಿಐ ಬಂದಾಗ ನನಗೆ ಖುಷಿಯೋ ಖುಷಿ. 2025ರ ಜನವರಿಯಲ್ಲಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 5ರಿಂದ 6 ರೂಪಾಯಿಗೆ ಏರಿತಲ್ಲ, ಆಮೇಲಂತೂ ಸ್ಕ್ಯಾನ್ ಮಾಡುವುದು ಪುಣ್ಯದ ಕೆಲಸ ಅನ್ನಿಸಿತು. ಎಲ್ಲರೂ ಹತ್ತರ ನೋಟು ಚಾಚಿದರೆ ಪಾಪ, ಅಷ್ಟೊಂದು ನಾಲ್ಕು ರೂಪಾಯಿಗಳನ್ನು ಎಲ್ಲಿಂದ ತರುತ್ತಾರೆ?

ಆದರೆ ಹೋದ ತಿಂಗಳು ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗುವಾಗ ಆದದ್ದು ಕೇಳಿ. ಬೆಳಗಿನ ಹೊತ್ತು, ಕಾಲಿಡಲು ಜಾಗ ಇಲ್ಲ. ಒಂದು ಕೈ ಕಂಬಿ ಮೇಲೆ, ಇನ್ನೊಂದರಲ್ಲಿ ಫೋನು. ಕಂಡಕ್ಟರ್ ಕೊರಳಲ್ಲಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿ, ಹೆಬ್ಬೆರಳಲ್ಲೇ ಪಿನ್ ಒತ್ತಿದೆ. ಚಕ್ರ ತಿರುಗತೊಡಗಿತು.

"ಕಟ್ ಆಯ್ತಾ ಸಾರ್?"

"ಪ್ರೊಸೆಸಿಂಗ್ ಅಂತಿದೆ."

ಅಷ್ಟರಲ್ಲಿ ಸ್ಟಾಪ್ ಬಂತು, ನಾಲ್ಕು ಜನ ಹತ್ತಿದರು. ಕಂಡಕ್ಟರ್ ನನ್ನನ್ನು ಬಿಟ್ಟು ಹೋಗುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಬೈಯಲಿಲ್ಲ, ಅದೇ ದೊಡ್ಡದು.

ನನಗನ್ನಿಸಿದ್ದು ಇಷ್ಟು. ಕ್ಯೂಆರ್ ಅಂಗಡಿಗೆ ಸರಿ. ಅಂಗಡಿ ಓಡುವುದಿಲ್ಲ, ಬಸ್ ಓಡುತ್ತದೆ. ಬಸ್ಸಿಗೆ ಬೇಕಾದದ್ದು ತಾಗಿಸುವ ಕಾರ್ಡು. ದೇಶಕ್ಕೆಲ್ಲ ಒಂದೇ ಕಾರ್ಡು ಅಂತ 2019ರಲ್ಲಿ ಎನ್‌ಸಿಎಂಸಿ (ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್) ಶುರುವಾಯ್ತು. 2023ರಿಂದ ನಮ್ಮ ಮೆಟ್ರೋದಲ್ಲೂ ನಡೆಯುತ್ತಿದೆ. ಅದರಲ್ಲಿ ಪ್ರಯಾಣದ ದುಡ್ಡು ಕಾರ್ಡಿನ ಚಿಪ್‌ನಲ್ಲೇ ಇರುತ್ತದೆ. ಪಿನ್ ಬೇಡ, ನೆಟ್‌ವರ್ಕ್ ಬೇಡ. ಮೆಟ್ರೋ ಇಳಿದು ಅದೇ ಕಾರ್ಡನ್ನು ಯಾವ ಬಸ್ಸಲ್ಲಾದರೂ ತಾಗಿಸುವ ಹಾಗಾಗಬೇಕು.

(ಹಾಗೆ ನೋಡಿದರೆ ನಮ್ಮಲ್ಲಿ ನಿಜವಾದ ಕ್ಯಾಶ್‌ಲೆಸ್ ಶಕ್ತಿ ಯೋಜನೆಯೇ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಚಿಲ್ರೆ ಜಗಳವೇ ಇಲ್ಲ!)

"ಲಂಡನ್ನಲ್ಲಿ ಬಸ್ಸಿನಲ್ಲಿ ಕಾಸೇ ಮುಟ್ಟುವುದಿಲ್ಲ, ನಮಗೇನು ಕಾಯಿಲೆ?" ಅಂತ ಗೆಳೆಯನೊಬ್ಬ ಕೇಳಿದ. ನಿಜ, 2014ರ ಜುಲೈನಿಂದ ಅಲ್ಲಿ ನಗದು ಇಲ್ಲ. ಆದರೆ ಅಲ್ಲಿ ಆಯ್‌ಸ್ಟರ್ ಅನ್ನುವ ತಾಗಿಸುವ ಕಾರ್ಡು ಬಂದದ್ದು 2003ರಲ್ಲಿ. ಜನಕ್ಕೆ ರೂಢಿಯಾಗಲು ಹತ್ತು ವರ್ಷದ ಮೇಲೆ ಸಮಯ ಸಿಕ್ಕಿತ್ತು. ಜೊತೆಗೆ, ಕಾರ್ಡಲ್ಲಿ ದುಡ್ಡು ಸಾಲದಿದ್ದರೂ ಇನ್ನೊಂದು ಸಲ ಬಸ್ ಹತ್ತಬಹುದು ಅಂತ ಮಾಡಿದರು. ಬಾಕಿಯನ್ನು ಮುಂದಿನ ರೀಚಾರ್ಜ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ರಾತ್ರಿ ಹೊತ್ತು ಯಾರೂ ರಸ್ತೆಯಲ್ಲಿ ಉಳಿಯಬಾರದಲ್ವಾ. ನಾವು ಕಾಪಿ ಹೊಡೆಯುವುದಾದರೆ ಮೊದಲು ಇದನ್ನು ಹೊಡೆಯೋಣ. ನಗದು ನಿಲ್ಲಿಸುವ ಮಾತು ಆಮೇಲೆ. ನನ್ನ ಕೇಳಿದರೆ ಅದು ಬೇಡವೇ ಬೇಡ.

ಯಾಕೆ ಅಂದರೆ, ಅವತ್ತು ನನ್ನ ಪಕ್ಕದಲ್ಲಿ ಪಂಚೆ ಉಟ್ಟ ತಾತ ಒಬ್ಬರು ನಿಂತಿದ್ದರು. ಮುಷ್ಟಿಯಲ್ಲಿ ಮೊದಲೇ ಎಣಿಸಿಟ್ಟುಕೊಂಡಿದ್ದ ನಾಣ್ಯಗಳು. "ಮಾರ್ಕೆಟ್" ಅಂದರು, ಕಂಡಕ್ಟರ್ ಅಂಗೈಗೆ ಸುರಿದರು, ಟಿಕೆಟ್ ತಗೊಂಡು ಕಿವಿ ಸಂದಿಗೆ ಸಿಕ್ಕಿಸಿದರು. ನನ್ನ ಫೋನಲ್ಲಿ ಚಕ್ರ ಇನ್ನೂ ತಿರುಗುತ್ತಲೇ ಇತ್ತು.