ಬದುಕಿದ್ದ ಇರುವೆಯ ಶವಯಾತ್ರೆ

ಅಡುಗೆಮನೆಯ ಕಟ್ಟೆಯ ಮೇಲೆ ಬೆಲ್ಲದ ಚೂರೊಂದು ಬಿದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಕಿಟಕಿಯ ಸಂದಿನಿಂದ ಅಲ್ಲಿಯವರೆಗೆ ಇರುವೆಗಳ ಸಾಲು ಹತ್ತಿರುತ್ತದೆ. ಬೆಲ್ಲವನ್ನು ಕಂಡ ಮೊದಲ ಇರುವೆ ಗೂಡಿಗೆ ಮರಳುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ ಫೆರೊಮೋನ್ ಎಂಬ ರಾಸಾಯನಿಕವನ್ನು ಸವರಿಕೊಂಡು ಹೋಗುತ್ತದೆ. ಆ ವಾಸನೆಯನ್ನು ಮೀಸೆಗಳಿಂದ ಗ್ರಹಿಸಿ ಹಿಂಬಾಲಿಸಿದ ಇರುವೆಗಳೂ ತಿನಿಸು ಸಿಕ್ಕಿದಾಗ ಹಾಗೆಯೇ ಸವರುತ್ತವೆ. ಬೆಲ್ಲ ಮುಗಿದ ಮೇಲೆ ಬರಿದೇ ಮರಳುವವು ಏನನ್ನೂ ಸವರದ ಕಾರಣ ದಾರಿ ತಾನಾಗಿಯೇ ಆವಿಯಾಗುತ್ತದೆ. ಸಾಲಿನ ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೂ, ಗೂಡು ಮತ್ತು ಬೆಲ್ಲ ಎರಡೂ ಇದ್ದಲ್ಲಿಯೇ ಇದ್ದರೂ, ಎರಡು ಕಡೆಯ ಇರುವೆಗಳು ದಿಕ್ಕು ತಪ್ಪಿದವರಂತೆ ತಡಕಾಡುತ್ತವೆ. ಕಣ್ಣನ್ನೇ ಹೆಚ್ಚು ನಂಬುವ ಇರುವೆಗಳೂ ಇವೆಯೆನ್ನಿ. ನಮ್ಮ ಅಡುಗೆಮನೆಗೆ ಬರುವವು ಅಂಥವಲ್ಲ.

ಇರುವೆಗಳ ಲೋಕದಲ್ಲಿ ವಾಸನೆ ಹೇಳಿದ್ದಕ್ಕೆ ಎದುರು ವಾದವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಅವುಗಳ ಅಂತ್ಯಸಂಸ್ಕಾರದಲ್ಲಿದೆ. ಗೂಡಿನಲ್ಲಿ ಇರುವೆಯೊಂದು ಸತ್ತು ಬಿದ್ದರೆ ಒಂದೆರಡು ದಿನ ಯಾರೂ ಅದನ್ನು ಗಮನಿಸುವುದಿಲ್ಲ. ದೇಹ ಕೊಳೆತು ಓಲಿಯಿಕ್ ಆಮ್ಲದಂಥ ಕೊಬ್ಬಿನಾಮ್ಲಗಳ ವಾಸನೆ ಹೊಮ್ಮಿದ ಮೇಲಷ್ಟೇ ಅದು ಶವವಾಗುತ್ತದೆ, ಮತ್ತು ಯಾರಾದರೊಬ್ಬರು ಎತ್ತಿಕೊಂಡು ಹೋಗಿ ಕಸದ ಗುಡ್ಡೆಗೆ ಹಾಕುತ್ತಾರೆ. ಹಾರ್ವರ್ಡ್‌ನ ಜೀವವಿಜ್ಞಾನಿ ಇ. ಒ. ವಿಲ್ಸನ್ ಮತ್ತು ಸಂಗಡಿಗರು 1958ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಓಲಿಯಿಕ್ ಆಮ್ಲವೇನೂ ಅಪರೂಪದ ವಸ್ತುವಲ್ಲ, ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ಧಾರಾಳವಾಗಿದೆ. ಅದನ್ನು ಸವರಿದ ಕಾಗದದ ತುಣುಕನ್ನೂ ಇರುವೆಗಳು ಶವವೆಂದೇ ಹೊತ್ತವು. ಕೊನೆಗೆ ವಿಲ್ಸನ್ ಜೀವಂತ ಇರುವೆಯ ಮೈಗೇ ಅದನ್ನು ಹಚ್ಚಿದಾಗ, ಕಾಲು ಬಡಿದು ಒದ್ದಾಡುತ್ತಿದ್ದರೂ ಲೆಕ್ಕಿಸದೆ ಒಡಹುಟ್ಟಿದವರೇ ಅದನ್ನು ಎತ್ತಿ ಕಸದ ಗುಡ್ಡೆಗೆ ಎಸೆದರು.

ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕಾದ ಪಿಂಚಣಿದಾರರಿಗೆ ಆ ಇರುವೆಯ ಪಾಡು ಬೇಗ ಅರ್ಥವಾದೀತು: ಎದುರಿಗೆ ಬಂದು ನಿಂತ ಮಾತ್ರಕ್ಕೆ ಅಲ್ಲಿಯೂ ಕೆಲಸವಾಗುವುದಿಲ್ಲ. ಗುಡ್ಡೆಯಿಂದ ಎದ್ದು ಬಂದ ಇರುವೆಯನ್ನು ಒಳಗಿನವರು ಮತ್ತೆ ಹೊತ್ತೊಯ್ದು ಎಸೆಯುತ್ತಿದ್ದರು. ಮೈಯನ್ನೆಲ್ಲ ನೆಕ್ಕಿ, ಉಜ್ಜಿ, ಸಾವಿನ ವಾಸನೆಯನ್ನು ಕಳೆದುಕೊಂಡ ಮೇಲಷ್ಟೇ ಅದಕ್ಕೆ ಒಳಗೆ ಪ್ರವೇಶ. ಆಮೇಲೆ ಯಾರೂ ತಕರಾರು ಮಾಡಲಿಲ್ಲ.