ಸತ್ಯಾಂಶ: ಕೋಡ್ ಬರೆಯೋಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ?

"ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಸಾಫ್ಟ್‌ವೇರ್ ಕೆಲಸಕ್ಕೆ ದಂಡ" ಅನ್ನೋ ವಾಟ್ಸಾಪ್ ಸಂದೇಶ ನಮ್ಮ ಕುವೆಂಪುನಗರದ ಗುಂಪಿಗೂ ಬಂತು. ನಿಜವಲ್ಲ. ಕೋಡ್ ಕಂಪೈಲ್ ಮಾಡೋದು, ಅಂದರೆ ಬರೆದದ್ದನ್ನು ಕಂಪ್ಯೂಟರಿಗೆ ಅರ್ಥವಾಗೋ ರೂಪಕ್ಕೆ ತರೋದು, ಪ್ರೊಸೆಸರ್; ನೂರಾರು ಫೈಲುಗಳನ್ನು ಅದರ ಕೋರ್‌ಗಳು (ಒಳಗಿನ ಲೆಕ್ಕ ಮಾಡೋ ಘಟಕಗಳು) ಹಂಚಿಕೊಂಡು ಮುಗಿಸುತ್ತವೆ. ಎಡಿಟರ್, ಬ್ರೌಸರಿನ 30 ಟ್ಯಾಬ್, ಡಾಕರ್ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟ ಹಾಗೆ ಓಡಿಸೋ ಸಾಫ್ಟ್‌ವೇರ್), ಆಂಡ್ರಾಯ್ಡ್ ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ನಡೆಯೋ ನಕಲಿ ಫೋನ್) ಒಟ್ಟಿಗೆ ತೆರೆದು ನೋಡಿ, 8 ಜಿಬಿ ರ್‍ಯಾಮ್ ಏದುಸಿರು ಬಿಡುತ್ತೆ. ಜಾಗ ಸಾಲದೆ ಡಿಸ್ಕನ್ನೇ ರ್‍ಯಾಮ್ ಥರ ಬಳಸೋಕೆ ಹೋಗಿ ಮೌಸ್ ಕೂಡ ತಡವರಿಸುತ್ತೆ. 32 ಜಿಬಿ ಹಾಕಿಸಿ, ಜೊತೆಗೆ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕ್). ಮದರ್‌ಬೋರ್ಡಿನಲ್ಲಿ ಪೋರ್ಟ್ ಇದ್ದರೆ ಎರಡು ಮಾನಿಟರ್‌ಗೂ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಸಾಕು (ಇಂಟೆಲ್ ಕೋರ್ ಪ್ರೊಸೆಸರಿನ ಮಾಡೆಲ್ ಸಂಖ್ಯೆಯ ಕೊನೆಗೆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರಲ್ಲ, ನೋಡಿಕೊಳ್ಳಿ). ಗೇಮ್ ತಯಾರಿಸೋರು, ಎಐ ಮಾಡೆಲ್‌ಗೆ ತರಬೇತಿ ಕೊಡೋರ ಲೆಕ್ಕ ಬೇರೆ. ಉಳಿದ ದುಡ್ಡಲ್ಲಿ ಒಂದು ಯುಪಿಎಸ್ ತಗೊಳ್ಳಿ. ಮಳೆ ಗಾಳಿ ಬಂದರೆ ಇಲ್ಲಿ ಕರೆಂಟಿನ ಕಥೆ ಗೊತ್ತಲ್ಲ.